ಮೆಣಸಿನಕಾಯಿ ನೆನೆಸಿದ ನೀರು

ಒಲೆ ಹಚ್ಚುವ ಮೊದಲು ಅತ್ತಿಗೆ ಒಂದು ಒಣಮೆಣಸಿನಕಾಯಿ ಮುರಿದು ನಾಲಿಗೆಯ ತುದಿಗೆ ಮುಟ್ಟಿಸಿಕೊಳ್ಳದ ದಿನವಿಲ್ಲ. ಕಣ್ಣು ಮುಚ್ಚಿ, ದೇವರ ಹೆಸರು ಹೇಳಿ, ಹೂಂ ಎಂದು ತಲೆಯಾಡಿಸಿದ ಮೇಲೆಯೇ ಹೊಲಿಗೆ ಕಾರ್ಖಾನೆಯ ಅಡುಗೆಮನೆಯಲ್ಲಿ ಕೆಲಸ ಶುರು. ಜೊತೆಗೆ ತರಕಾರಿ ಹೆಚ್ಚುವ ನಾದಿನಿ ಅವಳನ್ನು ಅತ್ತಿಗೆ ಎನ್ನುತ್ತಿದ್ದಳು. ಕೇಳಿ ಕೇಳಿ ಕಾರ್ಖಾನೆಯ ಮುನ್ನೂರು ಜನಕ್ಕೂ ಅವಳು ಅತ್ತಿಗೆಯೇ ಆಗಿಹೋಗಿದ್ದಳು.

ನಾಲ್ಕು ತಿಂಗಳಿಂದ ಆ ತಲೆಯಾಡಿಸುವುದು ಬರೀ ನಾಟಕ. ಜ್ವರವೊಂದು ಬಂದು ಅವಳ ನಾಲಿಗೆಯನ್ನು ಮರದ ಚೂರು ಮಾಡಿ ಹೋಗಿತ್ತು. ಉಪ್ಪಿಲ್ಲ, ಹುಳಿಯಿಲ್ಲ, ಖಾರವಂತೂ ಇಲ್ಲವೇ ಇಲ್ಲ. ಗೊತ್ತಾದರೆ ಕೆಲಸ ಹೋಗುತ್ತದೆ; ರುಚಿ ತಿಳಿಯದವಳನ್ನು ಒಲೆ ಮುಂದೆ ಯಾರು ನಿಲ್ಲಿಸುತ್ತಾರೆ? ಅಳತೆ ಕೈಯಲ್ಲಿತ್ತು. ಮೆಣಸಿನಕಾಯಿಯೂ ಯಾವಾಗಲೂ ಒಂದೇ ಜಾತಿಯದು, ಹದವಾದ ಖಾರದ್ದು. ಹಾಗಾಗಿ ಮುಚ್ಚಿಟ್ಟದ್ದು ಮುಚ್ಚಿಯೇ ಇತ್ತು.

ಆ ದಿನ ಉಗ್ರಾಣದವನು ಎರಡು ಬೇರೆ ಚೀಲ ತಂದು ಇಳಿಸಿದ.

"ಮಾಮೂಲಿ ಕಾಯಿ ಎರಡು ತಿಂಗಳು ಸಿಗಲ್ಲ ಅತ್ತಿಗೆ. ಈ ಸುಕ್ಕಿಂದು ಬರೀ ಬಣ್ಣ. ಈ ಸಣ್ಣದು ಜಗಳಗಂಟಿ. ನೋಡ್ಕೊಂಡು ಎರಡನ್ನೂ ಸೇರಿಸಿ. ನಿಮ್ಮ ನಾಲಿಗೆಗೆ ನಾವು ಹೇಳ್ಕೊಡಬೇಕಾ?"

ಅತ್ತಿಗೆ ಎರಡನ್ನೂ ಮುರಿದು ನಾಲಿಗೆಗಿಟ್ಟಳು. ಎರಡೂ ಒಂದೇ. ಇನ್ನು ಕಣ್ಣನ್ನೇ ನಂಬಬೇಕು. ಸುಕ್ಕಿನದರ ಸಿಪ್ಪೆ ದಪ್ಪ, ಬೀಜ ಕಡಿಮೆ. ಸಣ್ಣದರ ಹೊಟ್ಟೆ ತುಂಬ ಬೀಜ.

"ಏನತ್ತಿಗೆ, ಮೆಣಸಿನಕಾಯಿಗೆ ಗಂಡು ನೋಡ್ತಿದ್ದೀರಾ, ಇಷ್ಟು ಹೊತ್ತು?" ಎಂದಳು ನಾದಿನಿ.

ಅತ್ತಿಗೆಗೆ ನಗು ಬರಲಿಲ್ಲ. ಸುಕ್ಕಿನದು ಮೂರು ಹಿಡಿಗೆ ಸಣ್ಣದು ಒಂದು ಹಿಡಿ ತೆಗೆದುಕೊಂಡು, ಬೀಜವನ್ನೆಲ್ಲ ಉದುರಿಸಿ, ಬಿಸಿನೀರಿನಲ್ಲಿ ನೆನೆಸಿ ರುಬ್ಬಿದಳು. ಕಾಪಾಡಪ್ಪಾ ಎಂದು ಒಳಗೊಳಗೇ ಅನ್ನುತ್ತಲೇ ಮಸಾಲೆ ಹಾಕಿ ಸಾರು ಕುದಿಸಿದಳು.

ಊಟದ ಗಂಟೆ ಹೊಡೆಯುವ ಮುಂಚೆಯೇ ಉಣ್ಣುವವರು ಗೇಟು ಕಾಯುವ ಅಜ್ಜ. ಎರಡನೇ ತುತ್ತಿಗೆ ಅವರಿಗೆ ನೆತ್ತಿಗೆ ಹತ್ತಿತು. ಕೆಮ್ಮು ಬಂತು, ಆಮೇಲೆ ಕೆಮ್ಮೂ ಬರಲಿಲ್ಲ. ಬಾಯಿ ತೆರೆದೇ ಇತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ, ಮುಖ ಕಪ್ಪಿಟ್ಟಿತು. ಅತ್ತಿಗೆ ಸೌಟು ಹಿಡಿದು ನಿಂತಲ್ಲೇ ಕಲ್ಲಾದಳು. ನಾದಿನಿ ಓಡಿಹೋಗಿ ಅವರ ಬೆನ್ನು ಗುದ್ದಿದಳು. ಉಸಿರು ಬಂದ ಮೇಲೆ ಹಾಲು ಕುಡಿಸಿದಳು.

"ತಾಯಿ," ಎಂದರು ಅಜ್ಜ, ಕಣ್ಣೊರೆಸಿಕೊಳ್ಳುತ್ತ, "ನನ್ನ ಕಳಿಸೋಕೆ ಇಷ್ಟು ಅವಸರಾನಾ?"

ಅತ್ತಿಗೆ ಒಂದು ಸೌಟು ತುಂಬ ಸಾರು ಎತ್ತಿ ಬಾಯಿಗೆ ಹಾಕಿಕೊಂಡಳು. ರೆಪ್ಪೆಯೂ ಅಲುಗಲಿಲ್ಲ. ನಾದಿನಿ ಅದನ್ನೇ ನೋಡುತ್ತಿದ್ದಳು. ತಾನೂ ಬೆರಳು ಅದ್ದಿ ನೆಕ್ಕಿ ಹಾ ಎಂದು ಬಾಯಿ ಬಿಟ್ಟಳು.

ಆಗ ಅತ್ತಿಗೆಗೆ ಮೆಣಸಿನಕಾಯಿ ನೆನೆಸಿದ್ದ ಖಾಲಿ ಪಾತ್ರೆ ಕಂಡಿತು. ಆ ನೀರನ್ನು ಅವಳು ಚೆಲ್ಲಿರಲಿಲ್ಲ, ಮಸಾಲೆಗೇ ಸುರಿದಿದ್ದಳು. ಮಾಮೂಲಿ ಕಾಯಿಯ ನೀರು ಒಳ್ಳೆ ಬಣ್ಣ ಕೊಡುತ್ತದೆಂದು ಹದಿನೆಂಟು ವರ್ಷ ಹಾಗೇ ಸುರಿದಿದ್ದ ಕೈ. ಸಣ್ಣ ಕಾಯಿಯ ಉರಿಯೆಲ್ಲ ಆ ನೀರಿಗೇ ಇಳಿದಿತ್ತು.

ಊಟಕ್ಕೆ ಇನ್ನು ಅರ್ಧ ಗಂಟೆ. ಬೇಯಿಸಿದ ಆಲೂಗಡ್ಡೆ ಕಿವುಚಿ ಹಾಕಿದರು, ಹಾಲು ಹೊಯ್ದರು. ನಾದಿನಿ ರುಚಿ ನೋಡಿ ನೋಡಿ "ಇನ್ನೂ ಹಾಕಿ, ಇನ್ನೂ" ಎನ್ನುತ್ತಿದ್ದಳು. ಮುನ್ನೂರು ತಟ್ಟೆ ಹೇಗೋ ದಾಟಿತು.

ಪಾತ್ರೆ ತೊಳೆಯುವಾಗ ನಾದಿನಿ ಮೆಲ್ಲಗೆ ಕೇಳಿದಳು. "ಯಾವಾಗಿಂದ?"

"ಜ್ವರ ಬಂದಾಗಿಂದ."

"ಅಷ್ಟೇ ತಾನೇ. ನಾಳೆಯಿಂದ ನಾನು ರುಚಿ ನೋಡಿ ಕಣ್ಸನ್ನೆ ಮಾಡ್ತೀನಿ. ಒಂದು ನರಪಿಳ್ಳೆಗೂ ತಿಳಿಯಲ್ಲ."

"ನೀನು ಒಂದಿನ ರಜ ಹಾಕಿದ್ರೆ?"

"ಹಾಕಲ್ಲ ಬಿಡಿ."

ಅತ್ತಿಗೆ ಕೈ ಒರೆಸಿಕೊಂಡಳು. 

"ಬೇಡ ಕಣೇ. ಅಜ್ಜನ ಉಸಿರು ನಿಂತಾಗ ನನ್ನ ಕೈಕಾಲೇ ಆಡ್ಲಿಲ್ಲ. ಆ ಭಯ ಇಟ್ಕೊಂಡು ನಾಳೆ ಒಲೆ ಹಚ್ಚೋಕೆ ನನ್ನಿಂದಾಗಲ್ಲ. ಮೇಲ್ವಿಚಾರಕಿಗೆ ಹೇಳ್ತೀನಿ. ಕೆಲಸದಲ್ಲಿ ಇಟ್ಕೊಂಡ್ರೆ ತರಕಾರಿ ಹೆಚ್ತೀನಿ, ಸೌಟು ನೀನು ಹಿಡಿ."

"ಹಾಗಾದ್ರೆ ನಾನೂ ಬರ್ತೀನಿ. ಮೊದಲು ನಾನೇ ಮಾತಾಡ್ತೀನಿ."

"ಅದೂ ಬೇಡ," ಎಂದು ಅತ್ತಿಗೆ ಒಬ್ಬಳೇ ಮೇಲ್ವಿಚಾರಕಿಯ ಕೋಣೆಯ ಮೆಟ್ಟಿಲು ಹತ್ತಿದಳು.