ಶೀನಣ್ಣನ ಯುದ್ಧನೌಕೆಗಳು

ಕಳೆದ ವರ್ಷದ ಜೂನ್‌ನಲ್ಲಿ ನಾನು ಕುಂದಾಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಬ್ರಹ್ಮಾವರದಿಂದ ದಿನಾ ಬಸ್ಸಿನಲ್ಲಿ ಓಡಾಟ. ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಬರಿಸುವ ಈ ಕೆಲಸಕ್ಕೆ ತಾಳ್ಮೆ ಬೇಕು ಎನ್ನುತ್ತಾರೆ. ನಾನೋ, ಕುಳಿತಲ್ಲಿ ಕುಳಿತಿರಲಾರದವಳು.

ಆಗ ಬಂದವರು ಬೈಂದೂರು ಕಡೆಯ ಶೀನ ಮೊಗವೀರರು. ಮೀನಿನ ಹಿಂಡಿಗೆ ಸುತ್ತ ಬಲೆ ಹಾಕುವ ಪರ್ಸೀನ್ ಬೋಟಿನ ತಾಂಡೇಲ. ಅಂದರೆ ಕಡಲಿನಲ್ಲಿ ಮೀನಿನ ಹಿಂಡು ನೋಡಿ, ಬಲೆ ಯಾವಾಗ ಬಿಡಬೇಕು, ಯಾವಾಗ ಎಳೆಯಬೇಕು ಎಂದು ಕೂಗಿ ಹೇಳುವ ಮುಖ್ಯಸ್ಥ. ಪಾರ್ಶ್ವವಾಯು ಆದ ಮೇಲೆ ಕೈಕಾಲು ಸುಧಾರಿಸಿತ್ತು, ನಾಲಿಗೆ ಸುಧಾರಿಸಿರಲಿಲ್ಲ. ಇದಕ್ಕೆ ಡಿಸಾರ್ಥ್ರಿಯಾ ಎನ್ನುತ್ತೇವೆ. ಆಡಬೇಕಾದ ಮಾತು ತಲೆಯಲ್ಲಿ ಸರಿಯಾಗಿಯೇ ಇರುತ್ತದೆ, ಬಾಯಿಯ ಸ್ನಾಯುಗಳು ಹೇಳಿದ ಮಾತು ಕೇಳುವುದಿಲ್ಲ. ಮಳೆಗಾಲದ ನಿಷೇಧ ಮುಗಿದು ಆಗಸ್ಟ್‌ಗೆ ಮೀನುಗಾರಿಕೆ ಶುರು. ಅಷ್ಟರೊಳಗೆ ಧ್ವನಿ ಬರದಿದ್ದರೆ ಬೋಟಿನ ಪಾಲುದಾರರು ಬೇರೆ ತಾಂಡೇಲನನ್ನು ಇಟ್ಟುಕೊಳ್ಳುವವರಿದ್ದರು.

ಪ, ಬ, ಮ ಹೇಳಿಸಹೋದರೆ ಶೀನಣ್ಣ ಗೋಡೆ ನೋಡುತ್ತಿದ್ದರು. ಕೊನೆಗೆ ನಾನು ಒಂದು ವಿಡಿಯೊ ಗೇಮ್ ತಂದೆ. ನಾಳೆ ನಾಡಿದ್ದು ಜಗತ್ತೆಲ್ಲ ಯುದ್ಧಕ್ಕೆ ಬಿದ್ದರೆ ಹೇಗಿರುತ್ತದೆ ಎಂಬ ಆಟ. ಗುಂಡಿ ಒತ್ತುವಂತಿಲ್ಲ, ಎಲ್ಲ ಬಾಯಲ್ಲೇ. ಮೈಕಿನಲ್ಲಿ 'ಫ್ಲೀಟ್ ಒನ್, ಮೂವ್', 'ಅಟ್ಯಾಕ್', 'ರಿಟ್ರೀಟ್' ಎಂದು ಸ್ಪಷ್ಟವಾಗಿ ಹೇಳಿದರೆ ಮಾತ್ರ ಹಡಗುಗಳು ಕದಲುತ್ತವೆ. ಇದು ರಿಯಲ್ ಟೈಮ್ ಆಟ, ನೀವು ತಡವರಿಸಿದರೆ ಶತ್ರು ಕಾಯುವುದಿಲ್ಲ. ಹರೆಯದಲ್ಲಿ ಮುಂಬೈ ಬೋಟುಗಳಲ್ಲಿ ದುಡಿದಿದ್ದ ಶೀನಣ್ಣನಿಗೆ ಇಷ್ಟು ಇಂಗ್ಲಿಷ್ ಕಷ್ಟವಾಗಲಿಲ್ಲ.

ಮೊದಲ ಆಜ್ಞೆಯನ್ನು ಕಷ್ಟಪಟ್ಟು, ಯಂತ್ರಕ್ಕೆ ತಿಳಿಯುವಷ್ಟು ಚೆನ್ನಾಗಿಯೇ ಹೇಳಿದರು. ಆಟದೊಳಗಿನ ಹೆಣ್ಣುಧ್ವನಿ 'ವೇರ್ ಟು?' ಎಂದಿತು. ಶೀನಣ್ಣ ಮೈಕ್ ಕೆಳಗಿಟ್ಟರು. ಹಡಗುಗಳು ನಿಂತಲ್ಲೇ ಸುಟ್ಟುಹೋದವು. ಒಂದು ವಾರ ಇದೇ ಕಥೆ. ಒಂದೇ ವಾಕ್ಯಕ್ಕೆ ಸ್ನಾಯು ದಣಿಯುತ್ತಿದೆಯೇ, ಮೆದುಳಿನಲ್ಲಿ ಮತ್ತೇನಾದರೂ ಆಗಿದೆಯೇ ಎಂದು ನನಗೆ ಒಳಗೊಳಗೇ ಹೆದರಿಕೆ. ನರರೋಗ ತಜ್ಞರು ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ ಎಂದರು. ಬಸ್ಸಿನಲ್ಲಿ ಕೂತರೂ ಅದೇ ಯೋಚನೆ, ಮನೆಯಲ್ಲಿ ಎಲ್ಲರ ಮೇಲೂ ರೇಗುತ್ತಿದ್ದೆ.

ಒಂದು ದಿನ ಅವರ ಹೆಂಡತಿ ಗಿರಿಜಕ್ಕ ಒಳಗೆ ಬಂದು ಕುಳಿತರು. ಆಟದಲ್ಲಿ ಮತ್ತೆ ಅದೇ ಧ್ವನಿ, ಮೈಕ್ ಮತ್ತೆ ಕೆಳಗೆ.

"ಅದ್ ಎಂತ ಕೇಂತ್ ಮೇಡಂ?"

"ಎಲ್ಲಿಗೆ ಅಂತ ಕೇಳ್ತದೆ ಗಿರಿಜಕ್ಕ."

"ಅಯ್ಯೋ ಮಾರಾಯ್ರೆ, ಕಡ್ಲಿಗೆ ಹೊರ್ಟರತ್ರ ಎಲ್ಲಿಗೆ ಅಂದ್ ಕೇಂಬುಕಾಗ. ಕೇಂಡ್ರೆ ಇವ್ರ್ ಬೋಟ್ ಬಿಡುದಿಲ್ಲೆ."

ನಮ್ಮ ಮನೆಯಲ್ಲೂ 'ಎಲ್ಲಿಗೆ' ಎಂದರೆ ಅಪಶಕುನ, ಹೊರಟವರನ್ನು 'ದೂರ ಹೊರಟ್ರಾ' ಎಂದೇ ಕೇಳುವುದು. ಇಂಗ್ಲಿಷಿನಲ್ಲಿ ಯಂತ್ರ ಕೇಳಿದಾಗ ಅದು ನನಗೆ ಹೊಳೆದೇ ಇರಲಿಲ್ಲ. ಇದು ಬರೀ ಆಟ ಅಲ್ಲವೇ ಎಂದೆ. ಶೀನಣ್ಣ ಸೊಟ್ಟಬಾಯಲ್ಲಿ ನಕ್ಕು, "ಆಟ ಆರೂ... ಅದ್ರಗ್ ಜನ ಇದ್ರಲ್ದಾ" ಎಂದರು. ಆಟವಾದರೇನು, ಆ ಹಡಗುಗಳೊಳಗೆ ಜನ ಇದ್ದಾರಲ್ಲ ಎಂಬುದು ಅವರ ಲೆಕ್ಕ.

ಸೆಟ್ಟಿಂಗ್ಸ್‌ನಲ್ಲಿ ಆ ಧ್ವನಿಯ ಬಾಯಿ ಮುಚ್ಚಿಸಿದೆ. ಆಮೇಲೆ ನೋಡಬೇಕಿತ್ತು! ಜುಲೈ ಹೊತ್ತಿಗೆ ಅವರ 'ಅಟ್ಯಾಕ್' ವರಾಂಡದ ತುದಿಗೆ ಕೇಳುತ್ತಿತ್ತು, ನರ್ಸ್‌ಗಳು ಇಣುಕಿ ಹೋಗುತ್ತಿದ್ದರು.

ತಿಂಗಳ ಕೊನೆಗೆ ಗಂಗೊಳ್ಳಿ ಬಂದರಿನಲ್ಲಿ ಪಾಲುದಾರರು ಪರೀಕ್ಷೆಗೆ ಕರೆದರು. ನಾನೂ ಹೋದೆ. ಕಟ್ಟಿಹಾಕಿದ ಬೋಟಿನ ಇಂಜಿನ್ ಚಾಲೂ ಮಾಡಿ, ಶೀನಣ್ಣ ಮುಂದೆ ನಿಂತು ಕೂಗಿದರು. ಹಿಂದೆ ನಿಂತ ಆಳು ಹೇಳಿದ್ದನ್ನೆಲ್ಲ ಮಾಡಿದ. ಒಂದು ಸಲ ಮಾತ್ರ ಮಾತು ತಿಳಿಯದೆ ತಿರುಗಿ "ಎಂತ?" ಎಂದ.

"ಅಡ್ಡಿಲ್ಲೆ ಶೀನಣ್ಣ, ನಡಿತ್ತ್" ಎಂದರು ಪಾಲುದಾರರಲ್ಲಿ ಹಿರಿಯರು. ನನಗಂತೂ ಕುಣಿಯುವಷ್ಟು ಖುಷಿಯಾಯಿತು.

ಶೀನಣ್ಣ ಇಂಜಿನ್ ನಿಲ್ಲಿಸಲು ಕೈ ಮಾಡಿದರು. ಅಕ್ಷರ ಅಕ್ಷರ ಬಿಡಿಸಿ ಹೇಳಿದರು: "ಅಡ್ಡಿ ಇತ್ತ್. ಬಲೆ ಬಿಡ್ವತಿಗೆ ಒಂದ್ ಮಾತ್ ಕೇಣದಿದ್ರೆ ಒಬ್ಬಂದ್ ಕಾಲ್ ಹಗ್ಗದಗೆ ಸಿಕ್ತ್. ಈ ವರ್ಷ ನಾ ಬತ್ತಿಲ್ಲೆ. ಬೇರೆಯವ್ರನ್ನ್ ಹಾಕಿ."

ಕಾಯಿಲೆ ಬಿದ್ದ ಮೇಲೆ ಅವರು ಆಡಿದ ಅತಿ ಉದ್ದದ ಮಾತು ಅದು. ಯಾರೂ ಮತ್ತೊಮ್ಮೆ ಹೇಳಿ ಎನ್ನಲಿಲ್ಲ.

ಬ್ರಹ್ಮಾವರದ ತನಕ ನನಗೆ ಸಿಟ್ಟು ಇಳಿಯಲಿಲ್ಲ. ಎರಡು ತಿಂಗಳ ಕೆಲಸ ನೀರಿಗೆ ಹೋಯಿತು ಎನ್ನಿಸಿತ್ತು. ಹಾಗಲ್ಲ ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಮಾತು ಬರಿಸುವವರೆಗೆ ನನ್ನ ಕೆಲಸ, ಬಂದ ಮಾತಿನಲ್ಲಿ ಏನು ಹೇಳಬೇಕು ಎನ್ನುವುದು ಅವರದ್ದು. ಧ್ವನಿ ಬರದೇ ಹೋಗಿದ್ದರೆ ಪಾಲುದಾರರು ಅವರನ್ನು ಇಳಿಸುತ್ತಿದ್ದರು. ಬಂದಿದ್ದರಿಂದ ಅವರೇ ಇಳಿದರು.