ಗಾಜಿಗೆ ಜ್ವರ ನೋಡುತ್ತಿದ್ದವನು

ಗಂಡ ಹೋದ ಮೇಲೆ ಅವಳಿಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು. ಸಮಾಧಾನ ಹೇಳಲು ಬಂದವರ ಮೇಲೆ ಸಿಟ್ಟು, ಬಾರದವರ ಮೇಲೂ ಸಿಟ್ಟು. ಎಲ್ಲಕ್ಕಿಂತ ಹೆಚ್ಚಿನ ಸಿಟ್ಟು ಸತ್ತವನ ಮೇಲೆಯೇ.

ಅವನು ಕಾರಿನ ಮುಂದಿನ ಗಾಜು ರಿಪೇರಿ ಮಾಡುತ್ತಿದ್ದ. ರಸ್ತೆಯ ಕಲ್ಲು ಸಿಡಿದು ಗಾಜಿನಲ್ಲಿ ಚಿಕ್ಕ ಗುಳಿ ಬೀಳುತ್ತದಲ್ಲ, ಅದಕ್ಕೆ ನೀರಿನಂಥ ಅಂಟು ತುಂಬಿ, ನೀಲಿ ದೀಪ ಹಿಡಿದು ಗಟ್ಟಿ ಮಾಡಿ, ಉಬ್ಬಿದ್ದನ್ನು ಬ್ಲೇಡಿನಲ್ಲಿ ಹೆರೆಯುತ್ತಿದ್ದ. ಅಲ್ಲಿಯವರೆಗಿನ ಕೆಲಸ ಬೇಗ ಮುಗಿಯುತ್ತಿತ್ತು. ಆಮೇಲೆ ಪಾಲಿಶ್. ಹೆಬ್ಬೆರಳಿಗೆ ಉಣ್ಣೆಬಟ್ಟೆ ಸುತ್ತಿ, ಬಿಳಿ ಪಾಲಿಶ್ ಹಚ್ಚಿ ಉಜ್ಜಬೇಕು. ಉಜ್ಜುತ್ತಲೇ ಇರಬೇಕು. ನಡುನಡುವೆ ನಿಲ್ಲಿಸಿ ಮಣಿಕಟ್ಟಿನ ಒಳಭಾಗವನ್ನು ಗಾಜಿಗೆ ಒತ್ತಿ ನೋಡುತ್ತಿದ್ದ. ಬಿಸಿ ಇದ್ದರೆ ಆರುವ ತನಕ ಸುಮ್ಮನೆ ನಿಲ್ಲುತ್ತಿದ್ದ. ಗಾಜು ಬಿಸಿಯಾದರೆ ಅಂಟು ಬಿಡುತ್ತದೆ, ಬಿರುಕು ಓಡುತ್ತದೆ.

"ನಮ್ಮಣ್ಣ ಗಾಜಿಗೆ ಜ್ವರ ನೋಡ್ತಾನೆ. ಮಾತ್ರೆ ಕೊಡೋದೊಂದು ಬಾಕಿ" ಎಂದು ಅವನ ತಮ್ಮ ಹೋದಬಂದವರಿಗೆಲ್ಲ ಹೇಳಿ ನಗುತ್ತಿದ್ದ.

ಅವಳ ಕೆಲಸ ಕಾರಿನೊಳಗೆ. ಸೀಟಿನಲ್ಲಿ ಕೂತು ಗಾಜಿನ ಹಿಂದೆ ಟಾರ್ಚ್ ಹಿಡಿಯಬೇಕು. ಬೆಳಕು ಬಿದ್ದರೆ ಅವನಿಗೆ ಉಳಿದ ಗೀರು ಕಾಣುತ್ತದೆ. ಮದುವೆಯಾದ ಹೊಸತರಿಂದಲೂ ಅವಳು ಅವನ ಮುಖವನ್ನು ಹೆಚ್ಚಾಗಿ ನೋಡಿದ್ದು ಹೀಗೇ, ಯಾರದೋ ಕಾರಿನ ಗಾಜಿನ ಈ ಕಡೆಯಿಂದ.

ಮನೆಗೆ ಬಂದರೆ ಅವನ ಮಣಿಕಟ್ಟು ಊದಿರುತ್ತಿತ್ತು. ಬಿಸಿನೀರಿನ ಬಟ್ಟೆ ಹಿಂಡಿ ಹಾಕುತ್ತ ಬೈಯುತ್ತಿದ್ದಳು.

"ಉಜ್ಜೋ ಮೆಷಿನ್ ತಗೊಳ್ರೀ. ನಿಮ್ಮ ಕೈಯೇನು ಕಬ್ಬಿಣದ್ದಾ?"

"ಗಾಜು ಬಿಸಿಯಾಗಿದ್ದು ಮೆಷಿನ್ನಿಗೆ ತಿಳಿಯಲ್ಲ ಕಣೇ."

"ಕೈ ಊದಿದ್ದು ನಿಮಗೆ ತಿಳಿಯುತ್ತಾ?"

ಅದಕ್ಕೆ ಅವನು ಬರೀ ನಗುತ್ತಿದ್ದ. ಉತ್ತರ ಕೊಡದೆ ಜಾರಿಕೊಳ್ಳುವುದರಲ್ಲಿ ಅವನದು ಎತ್ತಿದ ಕೈ.

ಕೊನೆಯ ದಿನ ಅವನು ಹಿಡಿದಿದ್ದು ಒಬ್ಬ ಟೀಚರಮ್ಮನ ಕಾರು. ಪಾಲಿಶ್ ಅರ್ಧ ಆಗಿತ್ತು. ಗಾಜಿನ ಆ ಕಡೆ ಅವನ ಮುಖದಲ್ಲಿ ಬೆವರು ಇಳಿಯುತ್ತಿತ್ತು.

"ಯಾಕ್ರೀ?" ಎಂದು ಒಳಗಿನಿಂದ ಕೂಗಿದಳು.

"ಸೆಖೆ" ಎಂದ. ಮಣಿಕಟ್ಟು ಗಾಜಿಗಿಟ್ಟ. ಹಾಗೇ ಬಾನೆಟ್ ಮೇಲೆ ಒರಗಿದ.

ಬೆಳಗ್ಗಿನಿಂದಲೇ ಎದೆ ನೋಯುತ್ತಿತ್ತಂತೆ. ಪಕ್ಕದ ಪಂಕ್ಚರ್ ಅಂಗಡಿಯವನಿಗೆ ಹೇಳಿದ್ದನಂತೆ. ಹೆಂಡತಿಗೆ ಹೇಳಲಿಲ್ಲ. ಊರಿನ ಗಾಜಿಗೆಲ್ಲ ಜ್ವರ ನೋಡಲು ಪುರಸೊತ್ತಿತ್ತು, ತನ್ನ ಎದೆ ನೋಡಿಕೊಳ್ಳಲು ಇರಲಿಲ್ಲ.

ಮೈದುನ ಅಣ್ಣನ ಅಂಗಡಿ ಮತ್ತೆ ತೆರೆದ. ಬಂದವನೇ ಕೈಮೆಷಿನ್ ತಂದ. ಅವಳು ಬೇಡ ಅನ್ನಲೂ ಇಲ್ಲ, ಬೇಕು ಅನ್ನಲೂ ಇಲ್ಲ. ತಾನೇ ಅಷ್ಟು ಸಲ ಕೇಳಿದ್ದ ಮೆಷಿನ್. ಈಗ ಅದನ್ನು ಕಂಡರೆ ಮೈ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಟೀಚರಮ್ಮ ಅದೇ ಕಾರು ತಂದು ನಿಲ್ಲಿಸಿದರು.

"ವೈಪರ್ ಹಾಕಿದಾಗೆಲ್ಲ ಅಲ್ಲಿ ಟಕ್ ಅಂತ ತಡೆಯುತ್ತಮ್ಮ. ಬೇರೆ ಕಡೆ ಕೊಡೋಕೆ ಮನಸ್ಸು ಬರಲಿಲ್ಲ."

"ಕೂತ್ಕೊಳ್ಳಿ ಮೇಡಂ, ಚಿಟಿಕೆ ಹೊಡೆಯೋದ್ರಲ್ಲಿ ಆಗುತ್ತೆ" ಎಂದ ಮೈದುನ.

"ನೀನು ಅದನ್ನ ಮುಟ್ಟಬೇಡ" ಎಂದಳು.

"ನಾನೇನು ಕಳ್ಳನಾ ಅತ್ತಿಗೆ? ನಮ್ಮಣ್ಣನ ಕೆಲಸ ತಾನೆ?"

"ಅದಕ್ಕೇ ಹೇಳಿದ್ದು. ಅವರು ಅರ್ಧಕ್ಕೆ ಬಿಟ್ಟಿದ್ದು ಅದೊಂದೇ. ಅದು ಕೆಡಬಾರದು."

ಅವನ ಉಣ್ಣೆಬಟ್ಟೆ ಹುಡುಕಲು ಹಿಂದಿನ ಕೋಣೆಗೆ ಹೋದಳು. ಬಟ್ಟೆ ಡಬ್ಬಿಯೊಳಗೆ ಅವನ ಹೆಬ್ಬೆರಳಿನ ಆಕಾರದಲ್ಲೇ ಗಟ್ಟಿಯಾಗಿ ಕೂತಿತ್ತು. ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಹೊರಗೆ ಗುಂಯ್ ಎಂದು ಸದ್ದು.

ಓಡಿಬಂದಳು. ಮೈದುನ ಮೆಷಿನ್ನನ್ನು ಒಂದೇ ಜಾಗಕ್ಕೆ ಒತ್ತಿ ಹಿಡಿದಿದ್ದ. ಅವನನ್ನು ಪಕ್ಕಕ್ಕೆ ತಳ್ಳಿ ಮಣಿಕಟ್ಟು ಗಾಜಿಗಿಟ್ಟಳು. ಚುರ್ರೆಂದಿತು.

"ಸುಡ್ತಿದೆಯಲ್ಲೋ! ಕಣ್ಣೇನು ಹಿಂದಕ್ಕಿದೆಯಾ? ಅವರನ್ನ ಕಳ್ಕೊಂಡಿದ್ದು ಸಾಲದಾ, ಇದನ್ನೂ ಕಳೀತೀಯಾ?"

"ಬೇಗ ಮುಗಿಸಿ ನಿಮಗೆ ತೋರಿಸೋಣ ಅಂತ..."

"ಬಾಯ್ಮುಚ್ಚು."

ಟೀಚರಮ್ಮ ಎಲ್ಲಿ ನೋಡಬೇಕೆಂದು ತಿಳಿಯದೆ ಕಾರಿನೊಳಗೆ ಹೋಗಿ ಕೂತರು. ಗಾಜು ಆರುವ ತನಕ ಅವಳು ಕಾದಳು. ಬೆಳಕು ಹಿಡಿದು ನೋಡಿದಳು. ಅಂಟು ಬಿಟ್ಟಿರಲಿಲ್ಲ. ಇನ್ನೊಂದು ಚೂರು ಒತ್ತಿದ್ದರೆ ಬಿಡುತ್ತಿತ್ತು.

ಬಟ್ಟೆ ಸುತ್ತಿಕೊಂಡು ತಾನೇ ಉಜ್ಜಲು ನಿಂತಳು. ಟೀಚರಮ್ಮನ ಕೈಗೆ ಟಾರ್ಚ್ ಕೊಟ್ಟಳು. ತಾನು ಕೂರುತ್ತಿದ್ದ ಜಾಗದಲ್ಲಿ ಈಗ ಅವರು, ಅವನು ನಿಲ್ಲುತ್ತಿದ್ದ ಜಾಗದಲ್ಲಿ ಅವಳು. ಉಜ್ಜಿದಳು. ಹೆಬ್ಬೆರಳು ಜೋಮು ಹಿಡಿಯಿತು. ಮಣಿಕಟ್ಟಿನಿಂದ ಮೊಣಕೈಗೆ, ಮೊಣಕೈಯಿಂದ ಭುಜಕ್ಕೆ ನೋವು ಏರಿತು. ಗೀರು ಮಾತ್ರ ಅಲ್ಲೇ ಇತ್ತು.

ಬದುಕಿದ್ದಾಗ ಅವನನ್ನು ಒಂದು ದಿನವೂ ಏಕವಚನದಲ್ಲಿ ಮಾತಾಡಿಸಿದವಳಲ್ಲ. ಈಗ ಮನಸ್ಸಿನಲ್ಲಿ ಬೈದಳು. ಇಷ್ಟು ವರ್ಷ ಇದನ್ನು ನುಂಗಿಕೊಂಡು ನಗುತ್ತಿದ್ದೆಯಾ, ಪೆದ್ದ? ಹೇಳೋಕೇನಾಗಿತ್ತು ನಿನಗೆ?

ಕೈ ಸೋತಿತು. ಬಟ್ಟೆಯನ್ನು ಬಾನೆಟ್ ಮೇಲಿಟ್ಟಳು.

"ಮೆಷಿನ್ ತಾ."

ಮೈದುನ ಕಣ್ಣು ಕಣ್ಣು ಬಿಟ್ಟ. "ಈಗ ತಾನೆ ಬೇಡ ಅಂದ್ರಿ?"

"ಅದಕ್ಕೆ ಬಿಸಿ ತಿಳಿಯಲ್ಲ. ನನಗೆ ತಿಳಿಯುತ್ತೆ. ಮೆಲ್ಲಗೆ ಮುಟ್ಟಿಸು, ಒತ್ತಬೇಡ. ನಾನು ತೆಗಿ ಅಂದಾಗ ತೆಗಿ."

ಅವನು ಮುಟ್ಟಿಸಿದ. "ತೆಗಿ." ಮಣಿಕಟ್ಟು ಇಟ್ಟಳು, ಕಾದಳು. "ಇಡು." ಮತ್ತೆ "ತೆಗಿ." ಎರಡು ಸಲ ಅವನು ತಡಮಾಡಿದ, ಎರಡು ಸಲವೂ ಬೈಸಿಕೊಂಡ.

ಕೊನೆಗೆ ಟೀಚರಮ್ಮ ನೀರು ಬಿಟ್ಟು ವೈಪರ್ ಹಾಕಿದರು. ಅದು ಸುಮ್ಮನೆ ಹೋಯಿತು, ಸುಮ್ಮನೆ ಬಂತು.

"ಎಲ್ಲಿತ್ತು ಅನ್ನೋದೇ ಗೊತ್ತಾಗಲ್ಲಮ್ಮ!" ಎಂದರು ಅವರು ಇಳಿದು ಬಂದು.

ಗಂಡನಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಅವಳಿಗೆ ಸಿಟ್ಟು ಬಂತು. ಗೊತ್ತಾಗಬೇಕಿತ್ತು. ಒಂದು ಚುಕ್ಕಿಯಾದರೂ ಉಳಿಯಬೇಕಿತ್ತು. ಜೀವಮಾನವೆಲ್ಲ ಉಜ್ಜಿದ, ಎಲ್ಲಿ ಉಜ್ಜಿದ ಎಂದು ತೋರಿಸಲು ಏನೂ ಇಲ್ಲ.

ಕಾರು ಹೋಯಿತು. ಹಿಂದಿರುಗಿ ನೋಡಿದರೆ ಮೈದುನ ಗೋಡೆಗೆ ಒರಗಿ ಭುಜ ನೀವಿಕೊಳ್ಳುತ್ತಿದ್ದ.

"ಏನಾಯ್ತು?"

"ಏನಿಲ್ಲ ಬಿಡಿ ಅತ್ತಿಗೆ."

ಅವಳು ಹೋಗಿ ಅವನ ಕಿವಿ ಹಿಡಿದಳು. ಅವಳಿಗಿಂತ ಒಂದು ಗೇಣು ಎತ್ತರದ ಗಂಡಸು ಬಗ್ಗಿದ.

"ಏನಿಲ್ಲ ಅನ್ನೋ ಮಾತು ಈ ಅಂಗಡಿಯಲ್ಲಿ ಇನ್ನು ಬೇಡ. ಎಲ್ಲಿ ನೋವು? ಬೊಗಳು."

"ಭುಜ, ಅತ್ತಿಗೆ, ಭುಜ! ಮೆಷಿನ್ ಹಿಡಿದು ಹಿಡಿದು... ಈಗ ಕಿವಿನೂ!"

ಅವಳು ಕಿವಿ ಬಿಟ್ಟಳು. ನೀರು ಕಾಯಿಸಲು ಒಳಗೆ ಹೋದಳು, ಬೈಯುತ್ತಲೇ.