ಹುಳದ ಮನೆಗೆ ಬಂದ ಸೆಂಟು

ತೂಬಗೆರೆ ಹೋಬಳಿಯ ಆ ಊರಿನ ಬಚ್ಚಲು ನೀರೆಲ್ಲ ಮೋರಿಗುಂಟ ಇಳಿದು ಕೊನೆಗೆ ಬೈರೇಶನ ಪಾಲಿಗೆ ಬರುತ್ತಿತ್ತು. ಊರ ಕೆಳಗೆ ಪಂಚಾಯಿತಿ ಕಟ್ಟಿಸಿದ್ದ ಮೂರು ತೊಟ್ಟಿಗಳಿಗೆ ಅವನೇ ಆಪರೇಟರ್. ಹೆಣ್ಣು ನೋಡಲು ಹೋದ ಕಡೆ ಅವನ ಮನೆಯವರು "ಹುಡುಗ ವಾಟರ್ ಟ್ರೀಟ್‌ಮೆಂಟಲ್ಲಿದ್ದಾನೆ" ಎನ್ನುವಾಗ, ಯಾರಪ್ಪ ಆ ಹುಡುಗ ಎಂದು ಅವನಿಗೇ ಅನ್ನಿಸುತ್ತಿತ್ತು. ಅವನು ಮಾಡುತ್ತಿದ್ದುದು ಇಷ್ಟೇ: ಮೊದಲ ತೊಟ್ಟಿಯ ಜಾಲರಿಗೆ ಸಿಕ್ಕ ಅನ್ನ, ಕೂದಲು, ಶಾಂಪೂ ಪ್ಯಾಕೆಟ್ಟು ಎತ್ತಿಹಾಕುವುದು, ಎರಡನೆಯದರ ಜಲ್ಲಿಯಲ್ಲಿ ಕೊಳೆ ಹೀರಲೆಂದು ನೆಟ್ಟ ಕಾಬಾಳೆ ಗಿಡಗಳನ್ನು ನೋಡಿಕೊಳ್ಳುವುದು. ಮೂರನೆಯದರಲ್ಲಿ ನೀರು ತಿಳಿಯಾಗಿ ನಿಲ್ಲುತ್ತಿತ್ತು. ಬೇಕು ಎನ್ನುವವರು ಮಾತ್ರ ಯಾರೂ ಇರಲಿಲ್ಲ.

ಈ ನೀರು ಯಾರ ತೋಟಕ್ಕೂ ಹೋಗದಿದ್ದರೆ ತೊಟ್ಟಿ ಮುಚ್ಚುತ್ತೇವೆ, ನಿನ್ನನ್ನೂ ಬಿಡಿಸುತ್ತೇವೆ ಎಂದು ಪಂಚಾಯಿತಿಯಲ್ಲಿ ಹೇಳಿಯಾಗಿತ್ತು. ಹಾಗಾಗಿ ಬೈರೇಶ ಪಕ್ಕದ ಹಿಪ್ಪುನೇರಳೆ ತೋಟದ ಮುನಿಶಾಮಪ್ಪನ ಬೆನ್ನು ಬಿದ್ದ. ಬಹಳ ಗೋಗರೆದ ಮೇಲೆ ಅವನು ಅಂಚಿನ ಎರಡು ಸಾಲಿಗೆ ನೀರು ಬಿಡಲು ಒಪ್ಪಿದ. ಮಾತು ಹೀಗಿತ್ತು: ಆ ಸೊಪ್ಪನ್ನು ಒಂದು ತಟ್ಟೆ ರೇಷ್ಮೆ ಹುಳಕ್ಕೆ ಹಾಕುವುದು. ಹುಳ ತಿಂದರೆ ಇಡೀ ತೋಟಕ್ಕೆ ನೀರು, ಬಿಟ್ಟರೆ ಮತ್ತೆ ಆ ಮಾತೆತ್ತುವಂತಿಲ್ಲ.

ಹುಳ ತಿಂದವು. ಬಂದು ನೋಡಿಕೊಂಡು ಹೋಗು ಎಂದು ಮುನಿಶಾಮಪ್ಪನೇ ಹೇಳಿಕಳಿಸಿದ. ಬೈರೇಶ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ದಿನದಂತೆ ಸೆಂಟು ಹೊಡೆದುಕೊಂಡ. ತನ್ನ ಮೂಗಿಗೆ ಗೊತ್ತಾಗುವವರೆಗೂ ಹೊಡೆದುಕೊಳ್ಳುವುದು ಅವನ ಲೆಕ್ಕ. ಮೋರಿಯ ಪಕ್ಕ ಕೂತೂ ಕೂತೂ ಆ ಮೂಗು ಎಂದೋ ಕೈಕೊಟ್ಟಿತ್ತು. ಹುಳದ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡೇ ಒಳಗೆ ಹೋದ. ಆ ಊರಿನವನಾಗಿ ಅಷ್ಟು ಗೊತ್ತಿಲ್ಲದೆ ಏನು! ತಟ್ಟೆಯ ಮೇಲೆ ಬಗ್ಗಿ, ತನ್ನ ಕೆಲಸ ಉಳಿಸುತ್ತಿರುವ ಹುಳಗಳನ್ನು ಬಹಳ ಹೊತ್ತು ಪ್ರೀತಿಯಿಂದ ನೋಡಿದ.

ಸಂಜೆಗೆ ಮುನಿಶಾಮಪ್ಪ ತೊಟ್ಟಿಯ ಬಳಿ ಬಂದ. ಹುಳ ಸೊಪ್ಪು ಮುಟ್ಟುತ್ತಿಲ್ಲವಂತೆ, ತಲೆ ಎತ್ತಿಕೊಂಡು ಸುಮ್ಮನಿವೆಯಂತೆ.

"ನಿನ್ ನೀರಿನ ಸಾವಾಸ ಸಾಕು ಕಣಪ್ಪ."

ವಾದಿಸಲು ಬೇಕಾದ ಬೈರೇಶನ ಶಕ್ತಿಯೆಲ್ಲ ಇವನನ್ನು ಒಪ್ಪಿಸುವಾಗಲೇ ಮುಗಿದಿತ್ತು. ನೆಲಮಂಗಲದ ಗೋಡೌನುಗಳಲ್ಲಿ ಕೆಲಸಕ್ಕೆ ಯಾರನ್ನು ಕೇಳಬಹುದು ಎಂದು ಯೋಚಿಸುತ್ತ ನಿಂತ. ಅಷ್ಟರಲ್ಲಿ ಗಂಡನ ಹಿಂದೆಯೇ ಬಂದ ರುಕ್ಮಿಣಮ್ಮ ಬೈರೇಶನಿಂದ ಮಾರು ದೂರದಲ್ಲೇ ನಿಂತು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಮೋರಿಯ ನಾತಕ್ಕೆ ಜನ ಹಾಗೆ ಮಾಡುವುದು ಅವನಿಗೆ ಹೊಸದಲ್ಲ.

"ಲೇ ಬೈರೇಶ, ಏನ್ಲಾ ಮೆತ್ಕೊಂಡಿದೀಯ?"

"ಸೆಂಟು ಅಕ್ಕ."

"ಮಧ್ಯಾಹ್ನದಿಂದ ನಮ್ ಹುಳದ್ ಮನೆ ಮದ್ವೆ ಮನೆ ಆಗೋಗದೆ. ವಾಸ್ನೆ ಹುಳಕ್ಕೆ ಆಗಾಕಿಲ್ಲ ಅಂತ ಬೀಡಿ ಸೇದೋರ್ನೇ ಒಳಕ್ಕೆ ಬಿಡಾಕಿಲ್ಲ ನಾವು. ನೀನು ಇದ್ನ ಹಾಕ್ಕೊಂಡು ತಟ್ಟೆ ಮೇಲೇ ಬಗ್ಗಿದ್ಯಾ?"

ಮುನಿಶಾಮಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. "ಮೂಗಿಲ್ವೇನಪ್ಪ ನಿಂಗೆ?"

"ಇತ್ತು ಅಣ್ಣ. ಈ ಕೆಲ್ಸಕ್ಕೆ ಸೇರೋಗಂಟ ಇತ್ತು."

ರುಕ್ಮಿಣಮ್ಮ ಅದೇ ಸಾಲಿನ ಸೊಪ್ಪು ಕೊಯ್ದು, ಅವನು ಕಾಲಿಡದ ಒಳಕೋಣೆಯ ತಟ್ಟೆಗೆ ಹಾಕಿದಳು. ಬೆಳಗಾಗುವಷ್ಟರಲ್ಲಿ ಅಲ್ಲಿ ಬರೀ ದಂಟು ಉಳಿದಿತ್ತು. ಬೈರೇಶ ಮುದ್ದಿನಿಂದ ನೋಡಿದ್ದ ಹುಳಗಳಲ್ಲಿ ಕೆಲವು ಗಾಳಿಯಾಡಿದ ಮೇಲೆ ಚೇತರಿಸಿಕೊಂಡವು. ಉಳಿದವನ್ನು ತಿಪ್ಪೆಗೆ ಹಾಕಿದರು.

ನೀರಿಗೆ ಒಪ್ಪಿಗೆ ಸಿಕ್ಕಿತು. ಅವನಿಗೆ ಸಿಗಲಿಲ್ಲ: ಹುಳದ ಮನೆ ಇರಲಿ, ತೋಟದ ಬದುವನ್ನೂ ಅವನು ದಾಟಕೂಡದು ಎಂದು ಮುನಿಶಾಮಪ್ಪ ಕರಾರು ಹಾಕಿದ. ಸೆಂಟು ಬಿಡುತ್ತೇನೆ ಎಂದರೆ, ಹಾಗಾದರೆ ಬರೀ ಮೋರಿ ನಾತ, ಆಗಂತೂ ಬರಲೇಬೇಡ ಎಂದ.

ಪೈಪು ಜೋಡಿಸಿದ ದಿನ ಬೈರೇಶ ತೊಟ್ಟಿಯ ಹತ್ತಿರವೇ ವಾಲ್ವು ತಿರುಗಿಸಿದ. ಅಲ್ಲಿಂದ ತೋಟ ಕಾಣುತ್ತಿರಲಿಲ್ಲ. ಕಾಯುವಷ್ಟು ಕಾದು ಕೂಗಿ ಕೇಳಿದ.

"ಬಂತಾ ಅಣ್ಣ?"

"ಬಂತು, ಬಂತು. ನೀನ್ ಬರ್ಬೇಡ."

ಅವನು ತೊಟ್ಟಿಯ ಕಟ್ಟೆಯ ಮೇಲೆ ಕುಳಿತು ಕಾಲು ಚಾಚಿದ.